ಬಣ್ಣ ತಿರುಗಿದ ಬೆಣ್ಣೆ

ಮಾದನಾಯಕನಹಳ್ಳಿಯ ಲಕ್ಷ್ಮಯ್ಯನ ಕೈಗುಣ ಹೋಯಿತು ಎಂದು ಊರು ಆಡಿಕೊಳ್ಳಲು ಶುರು ಮಾಡಿದ್ದು ಅವನ ಹೊಲದ ಬದು ಹೋದ ಮೇಲೆ. ಬದುವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವನೇ ಜೆಸಿಬಿ ಕರೆಸಿ, ಅವನೇ ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಆಳಕ್ಕೆ ತೆಗೆಯಪ್ಪ ಎಂದು ಹೇಳಿ ಮಟ್ಟ ಮಾಡಿಸಿದ್ದ. ಮೇಲೆ ಶೀಟಿನ ಶೆಡ್ಡು ಎಬ್ಬಿಸಿ, ಮರ ಅಂಟಿಸುವ ಗೋಂದು ಮಾಡುವ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದ. ಆ ಬದುವಿನ ಮೇಲೆ ನಾಲ್ಕು ತಲೆಮಾರಿನಿಂದ ಒಂದು ಸೊಪ್ಪು ಬೆಳೆಯುತ್ತಿತ್ತು ಎನ್ನುವುದು ಅವನಿಗೆ ನೆನಪಾದದ್ದು ಮುಂದಿನ ಭಾನುವಾರ, ಕಾಲು ಹುಣ್ಣಾದ ಹೆಂಗಸೊಬ್ಬಳು ಬಂದು ಮನೆ ಮೆಟ್ಟಿಲ ಮೇಲೆ ಕೂತಾಗ.

ಆ ಮನೆತನದ್ದು ಹುಣ್ಣಿನ ಮದ್ದು. ಯಾವ ಸೊಪ್ಪು ಅಂತ ಕೇಳಿ ಪ್ರಯೋಜನವಿಲ್ಲ, ಅವನು ಹೆಂಡತಿಗೂ ಹೇಳಿದವನಲ್ಲ. ಮದ್ದಿಗೆ ಕಟ್ಟುಗಳಿದ್ದವು. ಭಾನುವಾರ ಬಿಸಿಲೇರುವ ಮೊದಲು ಕೊಡಬೇಕು. ಕಾಸು ಮುಟ್ಟಬಾರದು. ಒಳಗೇನಿದೆ ಎಂದು ಬಾಯಿ ಬಿಡಬಾರದು, ಸಾಯುವ ಹೊತ್ತಿಗೆ ಹಿರಿಮಗನ ಕಿವಿಯಲ್ಲಿ ಮಾತ್ರ ಹೇಳಬೇಕು. ಬಾಯಿ ಬಿಟ್ಟ ದಿನ ಕೈಯಿಂದ ಗುಣ ಇಳಿದುಹೋಗುತ್ತದೆ. ತೆಗೆದುಕೊಂಡು ಹೋಗುವವರಿಗೂ ಒಂದು ಕಟ್ಟು. ಎಲೆಯ ಪೊಟ್ಟಣ ಕೈಗೆ ಬಿದ್ದ ಮೇಲೆ ಹೋಗಿ ಬರ್ತೀನಿ ಅನ್ನಬಾರದು, ಯಾರು ಕೂಗಿದರೂ ಓಗೊಡಬಾರದು, ತಿರುಗಿ ನೋಡಬಾರದು. ತಿರುಗಿದರೆ ಹುಣ್ಣು ಬೆನ್ನ ಹಿಂದೆಯೇ ಬರುತ್ತದೆ. ಇದರಲ್ಲಿ ಲಕ್ಷ್ಮಯ್ಯ ಬಲು ಖಡಕ್ಕು. ಗೇಟಿನ ಹತ್ತಿರ ಮೊಬೈಲು ರಿಂಗಾಯಿತೆಂದು ಹಲೋ ಅಂದ ಗಾರ್ಮೆಂಟ್ಸ್ ಹೆಂಗಸೊಬ್ಬಳ ಕೈಯಿಂದ ಪೊಟ್ಟಣ ವಾಪಸ್ ಕಿತ್ತುಕೊಂಡು, ಇನ್ನೊಂದು ವಾರ ಕುಂಟಿಸಿ ಬರಿಸಿದ್ದ.

ಅವನಿಗೆ ಕಷ್ಟವೇನೂ ಇರಲಿಲ್ಲ. ಮೂರು ಅಂತಸ್ತಿನ ಮನೆ, ಮೇಲೆ ಬಾಡಿಗೆದಾರರು, ಹಿಂದೆ ಶೆಡ್ಡು. ಆದರೆ ಬಾಡಿಗೆಗಾಗಿ ಬಂದವರು ಬಿಲ್ಡಿಂಗ್ ನೋಡಿ ಬರುತ್ತಿದ್ದರು, ಭಾನುವಾರದವರು ಮಾತ್ರ ಅವನನ್ನು ನೋಡಿ ಬರುತ್ತಿದ್ದರು. ಬ್ಯಾಂಕಿನಲ್ಲಿ ಇಂಗ್ಲಿಷ್ ಫಾರಂ ಹಿಡಿದು ಪೆಚ್ಚಾಗಿ ನಿಲ್ಲುವ ಮನುಷ್ಯನ ಕಾಲನ್ನು ವಾರಕ್ಕೊಂದು ದಿನ ಹೆಡ್ ಕಾನ್‌ಸ್ಟೇಬಲ್ ಬಂದು ಮುಟ್ಟುತ್ತಿದ್ದ. ಅದು ಬಿಟ್ಟರೆ ಲಕ್ಷ್ಮಯ್ಯನಲ್ಲಿ ಲಕ್ಷ್ಮಯ್ಯ ಅನ್ನಿಸಿಕೊಳ್ಳುವಂಥದು ಇನ್ನೇನೂ ಉಳಿದಿರಲಿಲ್ಲ.

ಸೊಪ್ಪು ಹೋದ ಮೇಲೆ ಅವನು ನಾಟಿ ಮದ್ದಿನ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯಿಂದ ಅದೇ ಹೆಸರಿನ ಪುಡಿ ತಂದು ಕಲಸಿ ಕೊಟ್ಟ. ಎಷ್ಟು ವರ್ಷ ಡಬ್ಬದಲ್ಲಿ ಕೂತಿದ್ದ ಪುಡಿಯೋ, ಒಬ್ಬರ ಹುಣ್ಣೂ ಮಾಯಲಿಲ್ಲ. ಇಪ್ಪತ್ತು ಜನ ಬರುತ್ತಿದ್ದ ಕಡೆ ಇಬ್ಬರಾದರು. ಹೆಂಡತಿ ಪಿಳ್ಳಮ್ಮನ ಬಾಯಂತೂ ಕೇಳಬೇಕೆ.

"ಬದೂನ ಬಾಡ್ಗೆಗೆ ಕೊಟ್ಟಾಗ ಕೈಗುಣಾನೂ ಅಗ್ರಿಮೆಂಟಲ್ಲಿ ಬರ್ಕೊಟ್ಬುಟ್ಯೇನೋ, ಒಂದ್ಸಲ ತೆಗ್ದು ನೋಡು" ಅಂದಳು.

ಅವಳ ಮಾತಿಗೆ ಇನ್ನೊಂದು ಮೊನೆಯಿತ್ತು. ಅವಳ ಎಡಗಾಲಿನ ಗಿಣ್ಣಿನ ಮೇಲೆ ಆರು ವರ್ಷದಿಂದ ಅಂಗೈ ಅಗಲದ ಹುಣ್ಣು. ನರ ಉಬ್ಬಿ ಆದದ್ದು. ಊರಿಗೆ ಮದ್ದು ಕೊಡುವವನ ಹೆಂಡತಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದಳು, ಅವನ ಕೈಯನ್ನು ಮಾತ್ರ ಹತ್ತಿರ ಬಿಟ್ಟುಕೊಂಡವಳಲ್ಲ.

ಹೀಗಿರುವಾಗ ಒಂದು ದಿನ ಶೀಟು ಸೋರುತ್ತದೆ ಎಂದು ಕಂಪನಿಯವರು ಹೇಳಿ ಕಳಿಸಿದರು. ಲಕ್ಷ್ಮಯ್ಯ ನೋಡಲು ಹೋದ. ಶೆಡ್ಡಿನಲ್ಲಿ ಗುರುರಾಜ್ ಅಂತ ಒಬ್ಬ, ಸ್ಟೋರೂ ಅವನೇ ಲ್ಯಾಬೂ ಅವನೇ, ಟೀ ಕುಡಿಯುತ್ತಾ ಕೂತಿದ್ದ. ಮೂಲೆಯಲ್ಲಿ ಒಂದು ಚೀಲ ಹರಿದು ಬಿಳಿಯ ಚೂರುಗಳು ಚೆಲ್ಲಿದ್ದವು, ಸಂಡಿಗೆ ಮುರಿದು ಹಾಕಿದ ಹಾಗೆ. ಹಿಂದಿನ ದಿನ ಚೆಲ್ಲಿದ್ದವು ಮಾತ್ರ ಬಿಳುಪು ಬಿಟ್ಟು ತೆಳು ಗುಲಾಬಿಗೆ ತಿರುಗಿದ್ದವು. ಇದೇನಪ್ಪ ಎಂದು ಲಕ್ಷ್ಮಯ್ಯ ಕೇಳಿದ್ದೇ ತಡ, ಕೇಳುವವರಿಲ್ಲದೆ ಒಣಗಿದ್ದ ಗುರುರಾಜನಿಗೆ ಹಬ್ಬವಾಯಿತು.

ಇದರ ಹೆಸರು ರಿಸಾರ್ಸಿನಾಲ್ ಅಂದ. ಗಾಳಿ ಬೆಳಕು ತಾಗಿದರೆ ನಾಚಿಕೊಂಡವರ ಹಾಗೆ ಕೆಂಪಗಾಗುತ್ತದೆ ಅಂದ. ಫಾರ್ಮಲಿನ್ ಜೊತೆ ಸೇರಿಸಿದರೆ ಕಡುಗೆಂಪು ಗೋಂದಾಗುತ್ತದೆ, ಆ ಗೋಂದಿನಲ್ಲಿ ಅಂಟಿಸಿದ ದೋಣಿಯ ಹಲಗೆ ನೀರಿನಲ್ಲಿ ನೆಂದರೂ ಬಿಡುವುದಿಲ್ಲ. ಲಾರಿ ಟೈರಿನೊಳಗೆ ನೂಲು ರಬ್ಬರಿಗೆ ಕಚ್ಚಿಕೊಳ್ಳುವುದೂ ಇದರಿಂದಲೇ. ಬಟ್ಟೆಯ ಬಣ್ಣದವರಿಗೂ ಬೇಕು, ನಿಮ್ಮ ತಲೆಗೆ ಹಚ್ಚಿಕೊಂಡಿರುವ ಕರಿಯ ಡೈ ಪ್ಯಾಕೆಟ್ಟಿನಲ್ಲೂ ಇರಬಹುದು ಅಂದ. ಲಕ್ಷ್ಮಯ್ಯ ಮುಜುಗರದಿಂದ ತಲೆ ಸವರಿಕೊಂಡ.

"ಅಷ್ಟೇ ಅಲ್ಲ ಓನರ್ರೇ, ಮೊಡವೆಗೆ ಅಂತ ಚರ್ಮದ ಡಾಕ್ಟ್ರು ಬರ್ಕೊಡೋ ಮುಲಾಮಲ್ಲೂ ಇದೇ ಇರೋದು. ಹಿಂದಿನ ಕಾಲ್ದಲ್ಲಿ ಹುಣ್ಣಿಗೂ ಹಾಕ್ತಿದ್ರಂತೆ" ಅಂದ ಗುರುರಾಜ್.

ಮುಲಾಮಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಎಂದೂ ಅವನು ಹೇಳಿದ. ಗ್ಲೌಸು ಹಾಕದೆ ಮುಟ್ಟಬಾರದು, ಚರಂಡಿಗೆ ಬಿಟ್ಟರೆ ಕೆರೆಯ ಮೀನು ಸಾಯುತ್ತವೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಎಂದೆಲ್ಲ ಹೇಳಿದ. ಹುಣ್ಣು ಎನ್ನುವ ಮಾತು ಬಿದ್ದ ಮೇಲೆ ಲಕ್ಷ್ಮಯ್ಯನ ಕಿವಿ ಮುಚ್ಚಿಹೋಗಿತ್ತು. ಅವನು ಚೀಲ ಇಟ್ಟಿದ್ದ ಜಾಗವನ್ನೇ ನೋಡುತ್ತಿದ್ದ. ಮೂಲೆ ಕಲ್ಲಿನಿಂದ ಹನ್ನೊಂದು ಹೆಜ್ಜೆ. ಅವನ ಅಪ್ಪ ಸಾಯುವ ಹೊತ್ತಿಗೆ ಅವನ ಕಿವಿಯಲ್ಲಿ ಹೇಳಿದ ಸೊಪ್ಪಿನ ಜಾಗ ಅದೇ. ಬದು ತನ್ನದನ್ನು ಬೇರೆ ರೂಪದಲ್ಲಿ ವಾಪಸ್ ಕೊಡುತ್ತಿದೆ ಎಂದು ಅವನಿಗೆ ಅನ್ನಿಸಿತು. ಗುರುರಾಜ್ ಲೋಟ ತೊಳೆಯಲು ಹೋದಾಗ ಟವೆಲಿನಲ್ಲಿ ಎರಡು ಬೊಗಸೆ ಕಟ್ಟಿಕೊಂಡ. ಕಳ್ಳತನ ಎನ್ನುವ ಯೋಚನೆಯೂ ಬರಲಿಲ್ಲ. ತನ್ನ ನೆಲದಲ್ಲಿ ಸಿಕ್ಕಿದ್ದನ್ನು ತಾನು ಕಿತ್ತುಕೊಂಡು ಬಂದಂತಿತ್ತು.

ಮನೆಯಲ್ಲಿ ಬೆಣ್ಣೆಯನ್ನು ನೂರು ನೀರಿನಲ್ಲಿ ತೊಳೆದು, ಚೂರನ್ನು ಹನಿ ನೀರಿನಲ್ಲಿ ಕರಗಿಸಿ ಅದಕ್ಕೆ ನಾದಿದ. ಅಳತೆಯೆಂದರೆ ಅಪ್ಪ ಸೊಪ್ಪಿಗೆ ಹೇಳಿಕೊಟ್ಟ ಅಳತೆ: ಬೆಣ್ಣೆ ಎಷ್ಟೋ ಅದರ ಅರ್ಧ. ಮೊದಲು ಕೊಟ್ಟದ್ದು ಹಿಮ್ಮಡಿ ಹುಣ್ಣಾಗಿ ಬರಿಗಾಲಲ್ಲಿ ಕುಂಟುತ್ತಿದ್ದ ಟೈಲರ್ ಹೆಂಗಸಿಗೆ. ಮೂರು ಭಾನುವಾರದಲ್ಲಿ ಹುಣ್ಣು ಒಣಗಿ ಸಿಪ್ಪೆಯೆದ್ದಿತು. ಅವಳು ಇನ್ನೊಂದು ಸುದ್ದಿಯನ್ನೂ ತಂದಳು. ಎಲೆಯಲ್ಲಿ ಬೆಳ್ಳಗಿದ್ದ ಮದ್ದು ಮಧ್ಯಾಹ್ನದ ಹೊತ್ತಿಗೆ ಗುಲಾಬಿಯಾಗಿತ್ತಂತೆ. ಅಮ್ಮನೋರ ಕುಂಕುಮ ಇಳಿದಿದೆ ಎಂದು ಅವಳ ಅತ್ತೆ ಕೈ ಮುಗಿದಳಂತೆ.

ಲಕ್ಷ್ಮಯ್ಯ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮೊದಲ ವಾರ ನಾಚಿಕೆಯಿಂದ ಸುಮ್ಮನಿದ್ದ. ಹತ್ತನೆಯ ವಾರದ ಹೊತ್ತಿಗೆ ಅವನೇ ನಂಬಿದ್ದ. ಚೂರು ಕಂಪನಿಯದಿರಬಹುದು, ಆದರೆ ಕಂಪನಿಯವರು ಮುಟ್ಟಿದರೆ ಗೋಂದಾಗುವುದು ತನ್ನ ಕೈಯಲ್ಲಿ ಮದ್ದಾಗುತ್ತದಲ್ಲ, ಅದಕ್ಕೆ ಏನನ್ನಬೇಕು? ನಾದಿ ನಾದಿ ಅಂಗೈ ಸುಲಿಯಿತು, ಉಗುರು ಕಂದಿತು. ಜನರ ಕಾಯಿಲೆಯನ್ನು ಮೈಮೇಲೆ ಎಳೆದುಕೊಂಡರೆ ಹೀಗಾಗುವುದು ಸಹಜ ಎಂದುಕೊಂಡ. ಪೀಣ್ಯದಿಂದ ಬಂದರು, ಹೂಡಿಯಿಂದ ಮೆಟ್ರೋ ಹತ್ತಿ ಬಂದರು. ಸಾಲು ಗೇಟು ದಾಟಿ ರಸ್ತೆಗೆ ಹೋಯಿತು. ಚೂರು ಮುಗಿದಾಗಲೆಲ್ಲ ಅವನು ಶೀಟು ನೋಡುವ ನೆಪದಲ್ಲಿ ಶೆಡ್ಡಿಗೆ ಹೋಗಿ ಟವೆಲಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ.

ಆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಒಂದು ದಿನ, ಅಂಗಳ ಗುಡಿಸುತ್ತಿದ್ದ ಪಿಳ್ಳಮ್ಮನ ಕಾಲಿನ ಪಟ್ಟಿ ನೋಡಿ, ಇದೇ ಮನೇಲಿದ್ಕೊಂಡು ನಿಮಗ್ಯಾಕಮ್ಮ ಇದು ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಸಾಲು ಪೂರ್ತಿ ಆ ಪಟ್ಟಿಯ ಕಡೆ ತಿರುಗಿತು. ಆವತ್ತು ಲಕ್ಷ್ಮಯ್ಯ ಊಟ ಬಿಟ್ಟು ಹೆಂಡತಿಯ ಮುಂದೆ ಕೂತ. ಬೇಡಿಕೊಂಡ ಎಂದೇ ಹೇಳಬೇಕು. ಪಿಳ್ಳಮ್ಮ ಪಟ್ಟಿ ಬಿಚ್ಚಿ ಕಾಲು ನೀಡಿದಳು.

"ಅಚ್ಚು. ನಿನ್ ಮರ್ಯಾದೆಗೆ ನನ್ ಕಾಲೇ ಬೇಕು ಅಂದ್ರೆ ಅಚ್ಕೊ."

ಬೇರೆಯವರಿಗೆ ವಾರಕ್ಕೆ ಒಂದು ಪೊಟ್ಟಣ, ಬೆರಳಲ್ಲಿ ಸವರುವಷ್ಟು. ಹೆಂಡತಿಯ ಹಸಿ ಹುಣ್ಣಿಗೆ ಅವನು ದಿನಕ್ಕೆರಡು ಸಲ, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಷ್ಟು ದಪ್ಪಕ್ಕೆ ಮೆತ್ತಿ ಪಟ್ಟಿ ಕಟ್ಟಿದ. ಆರು ತಿಂಗಳಲ್ಲಿ ಹುಣ್ಣು ಮುಚ್ಚುತ್ತಾ ಬಂದು ಕಾಸಗಲ ಉಳಿಯಿತು. ಅವನು ಹಿಗ್ಗಿ ಹೀರೇಕಾಯಿಯಾದ. ಪ್ರತಿ ಭಾನುವಾರ ಅವಳನ್ನು ಸಾಲಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಸೀರೆಯಂಚು ಸ್ವಲ್ಪ ಎತ್ತು ಎನ್ನುತ್ತಿದ್ದ. ಅವಳು ಎತ್ತುತ್ತಿದ್ದಳು. ಮೊದಮೊದಲು ಬೈದುಕೊಂಡು ಎತ್ತುತ್ತಿದ್ದಳು. ಆಮೇಲೆ ಬೈಯುವುದು ನಿಂತಿತು.

ಅದನ್ನು ಮೊದಲು ಗಮನಿಸಿದವಳು ಸೊಸೆ ದಿವ್ಯಾ. ಪೀಣ್ಯದ ಆಫೀಸಿಗೆ ಹೋಗಿ ಬರುವ ಹುಡುಗಿ. ಗಂಡ ಶಿವಶಂಕರ್ ಕೆಲಸದ ಮೇಲೆ ಹೊರ ಊರಿನಲ್ಲಿದ್ದ. ಅತ್ತೆ ಬೈಯದೆ ಎಷ್ಟು ದಿನವಾಯಿತು ಎಂದು ಅವಳಿಗೆ ಒಂದು ಸಂಜೆ ಹೊಳೆಯಿತು. ನೋಡಿದರೆ, ಏಪ್ರಿಲ್ ಬಿಸಿಲಲ್ಲಿ ಪಿಳ್ಳಮ್ಮ ಸ್ವೆಟರ್ ಹಾಕಿ ಚಳಿ ಎಂದು ಕೂತಿದ್ದಾಳೆ. ಮುಖ ಊದಿದೆ, ಹುಬ್ಬಿನ ಕೂದಲು ಉದುರಿದೆ. ಮಾತು ಗೊಗ್ಗರಾಗಿ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಸ್ಸು ಹೋಗುವಷ್ಟು ಅಂತರ. ಸಾರು ಒಲೆಯ ಮೇಲಿಟ್ಟು ಅಲ್ಲೇ ಗೋಡೆಗೊರಗಿ ನಿದ್ದೆ. ಕೊರಳ ಮುಂದೆ ನಿಂಬೆಹಣ್ಣು ಅಡಗಿಸಿಟ್ಟಂಥ ಊತ. ಲಕ್ಷ್ಮಯ್ಯನನ್ನು ಕೇಳಿದರೆ, ಕಾಲು ವಾಸಿಯಾದ ಮೇಲೆ ಸೋಮಾರಿಯಾಗಿದ್ದಾಳೆ ಅಂದ.

ದಿವ್ಯಾ ಅವನನ್ನೂ ಎಳೆದುಕೊಂಡು ಅತ್ತೆಯನ್ನು ಡಾಕ್ಟರ್ ಶೋಭಾರಾಣಿಯ ಬಳಿ ಕರೆದೊಯ್ದಳು. ರಕ್ತ ಪರೀಕ್ಷೆ ಬಂತು. ಕೊರಳಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸವನ್ನೇ ನಿಲ್ಲಿಸಿದೆ, ಅದಕ್ಕೇ ಮೈ ತಣ್ಣಗಾಗಿ ಬುದ್ಧಿ ಮಂಕಾಗುತ್ತಿದೆ, ಹೀಗೇ ಬಿಟ್ಟರೆ ಒಂದು ದಿನ ನಿದ್ದೆಯಲ್ಲೇ ಹೋಗಿಬಿಡುತ್ತಾರೆ ಎಂದು ಡಾಕ್ಟರು ವಿವರಿಸಿದರು. ಮಾತ್ರೆ ಬರೆದರು. ಆಮೇಲೆ ಕಾಲಿನ ಪಟ್ಟಿ ಬಿಚ್ಚಿ, ಬಟ್ಟೆಗೆ ಹತ್ತಿದ್ದ ಗುಲಾಬಿ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಜಮಾನ್ರೇ, ಗಾಯಕ್ಕೆ ಹಚ್ಚಿದ್ದು ಗಾಯದ ಮೇಲೇ ಕೂತಿರಲ್ಲ, ರಕ್ತಕ್ಕೆ ಇಳಿಯುತ್ತೆ. ಏನು ಹಚ್ತಿದ್ದೀರ ಹೇಳಿ."

ಸೊಪ್ಪು ಅಂದ ಲಕ್ಷ್ಮಯ್ಯ. ಯಾವ ಸೊಪ್ಪು ಎಂದು ಅವರು ಕೇಳಿದರು. ಹೇಳುವ ಹಾಗಿಲ್ಲ ಅಂದ. ಹಾಗಾದರೆ ಸ್ವಲ್ಪ ತಂದುಕೊಡಿ, ನಾನೇ ಪರೀಕ್ಷೆ ಮಾಡಿಸುತ್ತೇನೆ ಎಂದರು. ಅವನು ಮರುದಿನವೇ ತಂದುಕೊಟ್ಟ. ಗ್ರಂಥಿಗೆ ಅಂಗಡಿಯ ಹಳೆಯ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ, ಬಾಳೆ ಎಲೆಯಲ್ಲಿ ಚೊಕ್ಕವಾಗಿ ಕಟ್ಟಿ ತಂದುಕೊಟ್ಟ.

ಆದರೂ ಒಳಗೆ ಹುಳ ಹೊಕ್ಕಿತ್ತು. ಆ ಶನಿವಾರ ಅವನು ಶೆಡ್ಡಿಗೆ ಹೋಗಿ, ಬೇರೆ ಏನೇನೋ ಮಾತಾಡಿ, ಕೊನೆಗೆ ಗುರುರಾಜನನ್ನು ಕೇಳಿದ: ಆ ಬಿಳಿ ಚೂರು ಹುಣ್ಣಿನ ಮೇಲೆ ಬಿದ್ದರೆ ಏನಾಗುತ್ತೆ? ಹುಣ್ಣಿನ ಮೇಲೆ ಯಾರು ಹಾಕ್ಕೋತಾರೆ, ತಲೆ ಕೆಟ್ಟಿರಬೇಕು ಎಂದು ಅವನು ನಕ್ಕ. ಹಿಂದೆ ಹಾಗೆ ತಿಂಗಳುಗಟ್ಟಲೆ ಹಾಕಿಸಿಕೊಂಡವರಿಗೆ ಕೊರಳು ಊದಿ ಥೈರಾಯ್ಡ್ ಕೆಟ್ಟಿತಂತೆ, ಅದಕ್ಕೇ ಆ ಪದ್ಧತಿ ಬಿಟ್ಟರು ಅಂದ. ಬೇಕಿದ್ದರೆ ಓದಿ ಎಂದು ಚೀಲದ ಜೊತೆ ಬಂದಿದ್ದ ಕಾಗದ ತೋರಿಸಿದ. ಇಂಗ್ಲಿಷಿನಲ್ಲಿತ್ತು. ಲಕ್ಷ್ಮಯ್ಯ ಬ್ಯಾಂಕಿನಲ್ಲಿ ಫಾರಂ ಹಿಡಿದ ಹಾಗೆ ಅದನ್ನು ಹಿಡಿದುಕೊಂಡು ನಿಂತಿದ್ದ.

ಮನೆಗೆ ಬಂದು ಬೆಣ್ಣೆ ತೊಳೆದ. ಮರುದಿನ ಭಾನುವಾರ, ಐವತ್ತು ಜನ ಬರುವವರಿದ್ದರು. ಬರುವ ವಾರದಿಂದ ಚೂರು ಕಮ್ಮಿ ಮಾಡೋಣ ಎಂದುಕೊಂಡ. ಹೆಂಡತಿಯ ಕಾಲಿಗೆ ಈಗಲೇ ನಿಲ್ಲಿಸಿದರೆ ಉಳಿದ ಕಾಸಗಲ ಮತ್ತೆ ಅಗಲವಾಗುತ್ತದೆ, ಅಲ್ಲಿಗೆ ಊರಿನ ಮುಂದೆ ಎಲ್ಲ ಮುಗಿಯಿತು. ಹೇಗೂ ಮಾತ್ರೆ ನುಂಗುತ್ತಿದ್ದಾಳಲ್ಲ. ಭಾನುವಾರ ಹಚ್ಚಿದ. ಸೋಮವಾರವೂ ಹಚ್ಚಿದ.

ಗುರುವಾರ ಬೆಳಿಗ್ಗೆ ಪಿಳ್ಳಮ್ಮ ಏಳಲಿಲ್ಲ. ಮುಟ್ಟಿದರೆ ಮೈ ಗಾರೆ ನೆಲದ ಹಾಗೆ ತಣ್ಣಗಿತ್ತು. ಉಸಿರು ಇತ್ತೋ ಇಲ್ಲವೋ ಅನ್ನುವಷ್ಟು. ಆಂಬ್ಯುಲೆನ್ಸಿಗೆ ಕಾಯದೆ, ಎದುರು ಮನೆಯ ಬಾಡಿಗೆದಾರ ಯಂಕಪ್ಪನ ಲಗೇಜ್ ಆಟೊದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಯಂಕಪ್ಪ ರಾಯಚೂರು ಕಡೆಯವನು, ಗೋಂದಿನ ಕಂಪನಿಗೆ ಚೀಲ ಹೊತ್ತು ತರುವುದು ಅವನ ಆಟೊವೇ. ಒಳ್ಳೆಯ ಮನುಷ್ಯ. ಪಿಳ್ಳಮ್ಮನನ್ನು ಎರಡು ಕೈಯಲ್ಲಿ ಎತ್ತಿ ಸ್ಟ್ರೆಚರಿಗೆ ಹಾಕಿದವನು, ಬಾಡಿಗೆ ಬಿಟ್ಟು ಅಲ್ಲೇ ನಿಂತ.

ಡಾಕ್ಟರ್ ಶೋಭಾರಾಣಿ ಓಡಿ ಬಂದರು. ತಂದುಕೊಟ್ಟಿದ್ದು ಬರೀ ಸೊಪ್ಪು, ಅದರಿಂದ ಹೀಗಾಗುವುದಿಲ್ಲ, ಇನ್ನೇನೋ ಇದೆ, ಅದೇನೆಂದು ಈಗ ಗೊತ್ತಾಗಲೇಬೇಕು ಎಂದರು. ಲಕ್ಷ್ಮಯ್ಯ ಗೋಡೆಯ ಕಡೆ ನೋಡಿದ. ಗಾಜಿನಾಚೆ ಹೆಂಡತಿಯ ಕಾಲು ಕಾಣುತ್ತಿತ್ತು, ಪಟ್ಟಿ ಬಿಚ್ಚಿದ್ದರು. ಅವನು ಡಾಕ್ಟರ ಹತ್ತಿರ ಬಂದು, ಬಗ್ಗಿ, ಅವರ ಕಿವಿಯ ಬಳಿ ಬಾಯಿಟ್ಟ. ಅಪ್ಪ ತನ್ನ ಕಿವಿಯಲ್ಲಿ ಹೇಳಿದ ಹಾಗೆ ಹೇಳಿದ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿ ಎಂದು ಗದರಿದರು.

"ಗೋಂದಿನ್ ಫ್ಯಾಕ್ಟ್ರೀದು" ಅಂದ ಲಕ್ಷ್ಮಯ್ಯ, ಕಾರಿಡಾರಿಗೆಲ್ಲ ಕೇಳುವಂತೆ. "ಬಿಳೀ ಚೂರು. ರಿಸಾರ್ಸಿನಾಲ್ ಅಂತಾರೆ. ಬೆಣ್ಣೆ ಎಷ್ಟೋ ಅದ್ರಲ್ಲಿ ಅರ್ಧ."

ದಿವ್ಯಾ ಅವನನ್ನು ನೋಡಲಿಲ್ಲ. ಅರ್ಧವಾ ಎಂದು ಡಾಕ್ಟರು ಇನ್ನೊಂದು ಸಲ ಕೇಳಿ, ಬೇರೆ ಯಾರಿಗೆ ಕೊಟ್ಟಿದ್ದೀರಿ ಎಂದರು. ಅವನು ಸಾಲು ನೆನೆಸಿಕೊಂಡು ಬೆರಳು ಮಡಚುತ್ತಾ ಹೋಗಿ ಲೆಕ್ಕ ತಪ್ಪಿದ. ಇನ್ನು ಒಂದು ಪೊಟ್ಟಣವನ್ನೂ ಕೊಡಬೇಡಿ, ಅದರಲ್ಲೂ ಎಳೆ ಮಗುವಿನ ಮೈಗೆ ಹೋಯಿತೆಂದರೆ ರಕ್ತವೇ ಕೆಟ್ಟು ತುಟಿ ನೀಲಿಯಾಗಿ ಗಂಟೆಯಲ್ಲೇ ಪ್ರಾಣ ಹೋಗಬಹುದು ಎಂದು ಹೇಳಿ ಅವರು ಒಳಗೆ ಓಡಿದರು. ಯಂಕಪ್ಪ ಅಲ್ಲೇ ಕಂಬದ ಬಳಿ ನಿಂತಿದ್ದ.

ಪಿಳ್ಳಮ್ಮ ಉಳಿದಳು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಊತ ಪೂರ್ತಿ ಇಳಿದಿರಲಿಲ್ಲ, ದನಿ ಇನ್ನೂ ಗಂಟಲಲ್ಲೇ ಉಜ್ಜುತ್ತಿತ್ತು. ಬಂದ ಮೂರನೆಯ ದಿನ, ಅವನು ಗಂಜಿ ತಂದಿಟ್ಟಾಗ ಕೇಳಿದಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಶನಿವಾರ" ಅಂದ.

ಅವಳು ಗಂಜಿ ಊದಿಕೊಂಡು ಎರಡು ಗುಟುಕು ಕುಡಿದಳು. "ಸೋಮವಾರ ಅಚ್ಚಿದ್ಯಲ್ಲ."

ಅಷ್ಟೇ. ಆಮೇಲೆ ಆ ವಿಷಯ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಪಿಳ್ಳಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ಅವನು ಪೊಟ್ಟಣ ಕಟ್ಟಿರಲಿಲ್ಲ. ಅವಳು ಮನೆಗೆ ಬಂದ ಮೇಲಿನ ಭಾನುವಾರ ಬಂದವರಿಗೆ ಲಕ್ಷ್ಮಯ್ಯ ಗೇಟಿನಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. ಅದು ಮದ್ದಲ್ಲ, ವಿಷ. ಹಚ್ಚಿಕೊಂಡವರೆಲ್ಲ ರಕ್ತ ಪರೀಕ್ಷೆ ಮಾಡಿಸಿ ಅಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಪತ್ರೆಯವರು ಹೆದರಿಸಿದ್ದಾರೆ ಅಂದರು ಕೆಲವರು. ಹೆಂಡತಿಗೆ ಕಾಯಿಲೆಯಾಗಿ ಮುದುಕನಿಗೆ ತಲೆ ಕೆಟ್ಟಿದೆ ಅಂದರು ಇನ್ನು ಕೆಲವರು. ಅತ್ತ ದಿವ್ಯಾ ಹೋಗಿ ಗುರುರಾಜನಿಗೆ ಹೇಳಿ ಶೆಡ್ಡಿನ ಸ್ಟೋರಿಗೆ ಬೀಗ ಹಾಕಿಸಿದಳು. ಆದರೆ ಚೀಲ ಶೆಡ್ಡು ಮುಟ್ಟುವ ಮುಂಚೆ ಯಂಕಪ್ಪನ ಆಟೊದಲ್ಲಿ ಇರುತ್ತಿತ್ತು.

ಮೂರನೆಯ ಭಾನುವಾರ ಲಕ್ಷ್ಮಯ್ಯ ಬಾಗಿಲು ತೆಗೆದರೆ ಸಾಲು ಇತ್ತು, ಅವನ ಗೇಟಿಗಲ್ಲ. ರಸ್ತೆಯಾಚೆ, ಯಂಕಪ್ಪನ ಒಂದು ರೂಮಿನ ಮನೆಯ ಮುಂದೆ. ಯಂಕಪ್ಪ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು, ಬಾಳೆ ಎಲೆಯ ತುಂಡುಗಳನ್ನು ಅಚ್ಚುಕಟ್ಟಾಗಿ ಜೋಡಿಸಿಕೊಂಡು ಕೂತಿದ್ದ. ಪಾತ್ರೆಯಲ್ಲಿ ಬೆಣ್ಣೆ. ಕಾಸು ಮುಟ್ಟುತ್ತಿರಲಿಲ್ಲ. ತಿರುಗಿ ನೋಡಬ್ಯಾಡ್ರಿ, ಯಾರು ಕೂಗಿದ್ರೂ ಮಾತಾಡಬ್ಯಾಡ್ರಿ ಎಂದು ಒಬ್ಬೊಬ್ಬರಿಗೂ ಹೇಳಿ ಕೊಡುತ್ತಿದ್ದ. ಲಕ್ಷ್ಮಯ್ಯ ದಾಟಿ ಹೋಗಿ ಅವನ ಮುಂದೆ ನಿಂತು, ನೀನೇ ಎತ್ತಿ ಮಲಗಿಸಿದ್ಯಲ್ಲೋ ಅವಳನ್ನ, ಕಣ್ಣಾರೆ ನೋಡ್ದೆಯಲ್ಲೋ ಅಂದ.

"ನೋಡೇನ್ರೀ ಯಜಮಾನ್ರ" ಅಂದ ಯಂಕಪ್ಪ, ತಗ್ಗಿದ ದನಿಯಲ್ಲಿ, ನಿಜವಾದ ಮರುಕದಿಂದ. "ನೀವು ಬಾಯಿ ಬಿಟ್ರಿ, ನಿಮ್ಮ ಕೈಯಾಗಿಂದ ಅದು ಹೋತು. ಎಲ್ಲಿಗರ ಹೋಗಬೇಕಲ್ರೀ. ಕೇಳಿದವನ ಕೈಗೆ ಬಂದೈತಿ. ನಾ ಬ್ಯಾಡ ಅಂದ್ರ ಅದು ಬಿಡತೈತೇನ್ರಿ?"

ಅದು ಲಕ್ಷ್ಮಯ್ಯನದೇ ಮಾತು. ಅವನ ಅಪ್ಪನ ಮಾತು.

ಅಷ್ಟರಲ್ಲಿ ಪಿಳ್ಳಮ್ಮ ದಿವ್ಯಾಳ ತೋಳು ಹಿಡಿದುಕೊಂಡು ರಸ್ತೆ ದಾಟಿ ಬಂದಳು. ಸೆರಗು ಸರಿಸಿ ಕೊರಳಿನ ಊತ ತೋರಿಸಿದಳು. ಆ ಗೊಗ್ಗರು ದನಿಯಲ್ಲಿ ಏನೋ ಹೇಳಿದಳು, ತುಮಕೂರು ರೋಡಿನ ಲಾರಿ ಸದ್ದಿನಲ್ಲಿ ಮುಂದಿನ ನಾಲ್ಕು ಜನಕ್ಕೂ ಕೇಳಿಸಲಿಲ್ಲ. ಕೇಳುವ ಪುರುಸೊತ್ತೂ ಅವರಿಗಿರಲಿಲ್ಲ. ಅವರ ಕಣ್ಣು ಕೊರಳ ಮೇಲಿರಲಿಲ್ಲ. ಎಷ್ಟೋ ಭಾನುವಾರ ಅದೇ ಹೆಂಗಸು ಎತ್ತಿ ತೋರಿಸಿದ್ದ ಕಾಲನ್ನು ಅವರು ನೋಡುತ್ತಿದ್ದರು. ಅವಳು ನಡೆದು ಬಂದಿದ್ದರಿಂದ ಸೀರೆಯಂಚು ಸ್ವಲ್ಪ ಮೇಲೆ ಹೋಗಿತ್ತು. ಆಸ್ಪತ್ರೆಯ ಪಟ್ಟಿಯಲ್ಲಿ ಪೂರ್ತಿ ಮುಚ್ಚಿಕೊಂಡ ಹುಣ್ಣಿನ ಮೇಲೆ ಹೊಸ ಚರ್ಮ ಮಿರಮಿರ ಹೊಳೆಯುತ್ತಿತ್ತು.

ನೋಡ್ರೇ, ಪೂರ್ತಿ ಮಾಯ್ದಿದೆ ಎಂದು ಯಾರೋ ಪಿಸುಗುಟ್ಟಿದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಮುಂದೆ ನಿಂತಿದ್ದವಳು ಇಪ್ಪತ್ತರ ಹುಡುಗಿ. ಸೊಂಟದಲ್ಲಿ ನಾಲ್ಕು ತಿಂಗಳ ಕೂಸು, ಕೂಸಿನ ತೊಡೆಸಂದಿಯಲ್ಲೆಲ್ಲ ಕೆಂಪಗೆ ಸುಲಿದ ಹುಣ್ಣು. ಯಂಕಪ್ಪ ಎಲೆಯಲ್ಲಿ ಬೆಣ್ಣೆ ಇಟ್ಟು, ಕಟ್ಟಿ, ಎರಡು ಕೈಯಲ್ಲಿ ಕೊಟ್ಟ. ಅವಳು ಬಿಡುವಿದ್ದ ಒಂದು ಕೈಯಲ್ಲಿ ತೆಗೆದುಕೊಂಡು, ತುಟಿ ಬಿಗಿದುಕೊಂಡು, ಹೊರಟಳು.

ಲಕ್ಷ್ಮಯ್ಯ ಕೂಗಿದ. ಮಗೀಗೆ ಅಚ್ಬ್ಯಾಡ ಕಣವ್ವ, ಅದು ಗೋಂದಿನ್ ಫ್ಯಾಕ್ಟ್ರೀದು, ಮಗಾ ಸತ್ತೋಯ್ತದೆ ಎಂದು ಕೂಗಿದ. ಮಂಡಿ ಹಿಡಿದುಕೊಂಡು ಹಿಂದೆಯೇ ಓಡಿದ. ಅವನ ದನಿ ಅವಳಿಗೆ ಕೇಳಿಸಿತು, ಕೇಳಿಸಿದ್ದು ಅವಳ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. ಅವಳು ಕೂಸನ್ನು ಇನ್ನೂ ಬಿಗಿಯಾಗಿ ಅವಚಿಕೊಂಡು ಹೆಜ್ಜೆ ಜೋರು ಮಾಡಿದಳು. ಓಗೊಡಲಿಲ್ಲ. ತಿರುಗಿ ನೋಡಲಿಲ್ಲ.